ಹೆಸರೊಂದೇ, ಸ್ವಭಾವ ಬೇರೆ: ಸೋಲ್‌ನಲ್ಲಿ ಮೂರು ಬಟ್ಟಲು ತಣ್ಣನೆಯ ಶಾವಿಗೆ

ಜನವರಿಯ ಮಧ್ಯಾಹ್ನ, ಹೊರಗೆ ಮೈನಸ್ ಎಂಟು ಡಿಗ್ರಿ. ತಣ್ಣನೆಯ ಸಾರಿನ ಶಾವಿಗೆ ತಿನ್ನಲು ಹೊರಟಿದ್ದೇವೆ ಎಂದಾಗ ವಸತಿಗೃಹದ ಹುಡುಗ ನಕ್ಕ. ಆದರೆ ನೆಂಗ್‌ಮ್ಯೊನ್ ಎಂಬ ಈ ಶಾವಿಗೆ ಮೂಲತಃ ಚಳಿಗಾಲದ ಊಟವೇ. ಕೊರಿಯಾದ ಉತ್ತರ ಭಾಗದ ಜನ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ಶಾವಿಗೆ ಒತ್ತಿ, ಮೂಲಂಗಿ ಹುಳಿಹಾಕಿದ ಉಪ್ಪುನೀರನ್ನು ಮೇಲೆ ಸುರಿದು, ಒಲೆಯ ಶಾಖದಿಂದ ಬೆಚ್ಚಗಾದ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. ಬೇಸಿಗೆಯಲ್ಲಿ ಈ ಅಂಗಡಿಗಳ ಮುಂದೆ ಉದ್ದ ಸಾಲು ನಿಲ್ಲುತ್ತದೆ. ನಾವು ಹೋದಾಗ ನೇರ ಒಳಗೆ ಹೋಗಿ ಕುಳಿತೆವು.

ಉತ್ತರದ ನೆಂಗ್‌ಮ್ಯೊನ್ ಎಂದರೆ ಎರಡು ಪಂಗಡ. ಪಶ್ಚಿಮದ ಪ್ಯೊಂಗ್ಯಾಂಗ್‌ನದು ಬಕ್‌ವೀಟ್ ಶಾವಿಗೆ, ತಣ್ಣನೆಯ ತಿಳಿಸಾರು. ಪೂರ್ವ ಕರಾವಳಿಯ ಹಮ್‌ಹುಂಗ್‌ನದು ಗೆಡ್ಡೆಯ ಪಿಷ್ಟದ ಶಾವಿಗೆ, ಕೆಂಪು ಮಸಾಲೆ, ಮೇಲೊಂದಿಷ್ಟು ಹಸಿ ಮೀನು. ಎರಡನ್ನೂ ಸೋಲ್‌ನಲ್ಲಿ ನೆಲೆಗೊಳಿಸಿದವರಲ್ಲಿ ಉತ್ತರದಿಂದ ಬಂದು ಮತ್ತೆ ಊರಿಗೆ ಮರಳಲಾಗದ ಜನರೇ ಹೆಚ್ಚು. ಕೊರಿಯಾ ಯುದ್ಧದ ನಡುವೆ, 1950ರ ಡಿಸೆಂಬರ್‌ನಲ್ಲಿ, ಹಮ್‌ಹುಂಗ್ ಪಕ್ಕದ ಹುಂಗ್ನಮ್ ಬಂದರಿನಿಂದ ಹಡಗು ಹತ್ತಿ ಬಂದ ನಾಗರಿಕರೇ ಲಕ್ಷದ ಹತ್ತಿರ. ‘ಹಮ್‌ಹುಂಗ್ ನೆಂಗ್‌ಮ್ಯೊನ್’ ಎಂಬ ಹೆಸರೂ ದಕ್ಷಿಣದಲ್ಲೇ ಹುಟ್ಟಿದ್ದು. ಅವರ ಊರಿನಲ್ಲಿ ಅದನ್ನು ಪಿಷ್ಟದ ಶಾವಿಗೆ ಎಂದಷ್ಟೇ ಕರೆಯುತ್ತಿದ್ದರು.

ಖಾರ ತಿಂದು ಬೆಳೆದವರಾದ ನಮಗೆ ಹಮ್‌ಹುಂಗ್ ಹಿಡಿಸುತ್ತದೆ, ಪ್ಯೊಂಗ್ಯಾಂಗ್ ಸಪ್ಪೆ ಎನಿಸುತ್ತದೆ ಎಂದು ಹೊರಡುವ ಮೊದಲೇ ತೀರ್ಪು ಕೊಟ್ಟುಕೊಂಡಿದ್ದೆ.

ಮೊದಲು ಹೋದದ್ದು ಉಲ್ಜಿರೊ ಬಳಿಯ ಗಲ್ಲಿಯಲ್ಲಿರುವ ವು ರೇ ಓಕ್ ಎಂಬ ಪ್ಯೊಂಗ್ಯಾಂಗ್ ಪಂಗಡದ ಅಂಗಡಿಗೆ. 1946ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾಗಿ, ಯುದ್ಧದ ನಂತರ ಮತ್ತೆ ತೆರೆದಾಗ ‘ಮರಳಿ ಬಂದ ಮನೆ’ ಎಂಬರ್ಥದ ಈ ಹೆಸರು ಪಡೆಯಿತು. ಕುಳಿತ ತಕ್ಷಣ ಶಾವಿಗೆ ಬೇಯಿಸಿದ ಬಿಸಿ ನೀರು ಬಂತು. ನಮ್ಮ ಗಂಜಿ ತಿಳಿಯ ದೂರದ ನೆಂಟ. ಹಿಂದೆಯೇ ಬಟ್ಟಲು: ನಸುಗಂದು ಬಣ್ಣದ ಸಾರು, ಮೇಲೆ ಕಿಮ್ಚಿ, ಪೇರ್ ಹಣ್ಣಿನ ಹೋಳು, ತೆಳುವಾಗಿ ಕತ್ತರಿಸಿದ ದನದ ಮಾಂಸ. ಮೊದಲ ಗುಟುಕಿಗೇ ನನ್ನ ತೀರ್ಪು ಬಿದ್ದುಹೋಯಿತು. ಇದು ಸಪ್ಪೆಯಲ್ಲ. ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ಕೊಬ್ಬು ತೆಗೆದು, ತಣಿಸಿದ ಸಾರು ನಾಲಿಗೆಯ ಮೇಲಲ್ಲ, ನುಂಗಿದ ಮೇಲೆ ಗಂಟಲಿನಲ್ಲಿ ರುಚಿಸುತ್ತದೆ. ಶಾವಿಗೆ ಹಲ್ಲಿಗೆ ಸಿಕ್ಕೊಡನೆ ತುಂಡಾಗುತ್ತದೆ, ಬಕ್‌ವೀಟ್‌ನ ಮಣ್ಣಿನಂಥ ಘಮ ಉಳಿಯುತ್ತದೆ. ಒಂದು ಬಟ್ಟಲಿಗೆ ಹದಿನೈದು ಸಾವಿರ ವೊನ್‌ಗೂ ಹೆಚ್ಚು. ಶಾವಿಗೆಗೆ ಇಷ್ಟು ದುಡ್ಡೇ ಎಂದು ಅಲ್ಲಿನವರೂ ಗೊಣಗುತ್ತಾರೆ, ಗೊಣಗುತ್ತಲೇ ಬರುತ್ತಾರೆ.

ಶಾವಿಗೆ ತುಂಡರಿಸಲೆಂದು ನಾನು ಕತ್ತರಿ ಎತ್ತಿಕೊಂಡಾಗ ಪಕ್ಕದ ಮೇಜಿನ ಹಿರಿಯರು ಮಾತಿಲ್ಲದೆ ಕೈ ಆಡಿಸಿದರು. ಬಕ್‌ವೀಟ್ ಶಾವಿಗೆಗೆ ಲೋಹ ತಾಗಿಸಬಾರದಂತೆ. ವಿನೆಗರ್ ಬೇಕಿದ್ದರೂ ಸಾರಿಗೆ ಹಾಕಬಾರದು, ಎತ್ತಿ ಹಿಡಿದ ಶಾವಿಗೆಯ ಮೇಲೆ ಹನಿಸಬೇಕು ಎಂದು ತಾವೇ ಮಾಡಿ ತೋರಿಸಿದರು.

ಸಪ್ಪೆ ಎಂಬ ಮಾತು ನಿಜವಾಗಿ ಸಲ್ಲುವುದು ನಾವು ಹೋದ ಎರಡನೆಯ ಅಂಗಡಿ ಪಿಲ್‌ದೋಂಗ್ ಮ್ಯೊನೊಕ್‌ನ ಬಟ್ಟಲಿಗೆ. ಅದೂ ಪ್ಯೊಂಗ್ಯಾಂಗ್ ಪಂಗಡವೇ, ಮನೆತನ ಬೇರೆ. ಸಾರು ಬಾವಿಯ ನೀರಿನಷ್ಟು ತಿಳಿ. ಮೇಲೆ ಅರ್ಧ ಮೊಟ್ಟೆ, ಈರುಳ್ಳಿ ಸೊಪ್ಪು, ಚಿಟಿಕೆ ಮೆಣಸಿನ ಪುಡಿ. ಅಲ್ಲಿನ ಜನ ಈ ಬಗೆಯ ರುಚಿಗೆ ‘ಸುಮ್‌ಸುಮ್’ ಎನ್ನುತ್ತಾರೆ, ಹೊಗಳಿಕೆಯಾಗಿ. ಅರ್ಧ ಬಟ್ಟಲಿನವರೆಗೆ ಉಪ್ಪು ಹುಡುಕುತ್ತಿದ್ದೆ, ಆಮೇಲೆ ಹುಡುಕುವುದನ್ನು ಬಿಟ್ಟೆ. ಇಷ್ಟವಾಯಿತು ಎಂದು ಹೇಳಲಾರೆ. ಜೊತೆಗೆ ತರಿಸಿದ, ಮುಷ್ಟಿಯಷ್ಟು ದಪ್ಪದ ಉತ್ತರದ ಮಂಡು ಕಡುಬುಗಳು ಮಾತ್ರ ಮನಸ್ಸಿಗೆ ಹತ್ತಿದವು.

ಮರುದಿನ ಓಜಾಂಗ್-ದೋಂಗ್ ಎಂಬ ಬಡಾವಣೆ. ಒಣಮೀನಿನ ಜುಂಗ್‌ಬು ಮಾರುಕಟ್ಟೆಯ ವಾಸನೆ ಹಿಡಿದು ನಡೆದರೆ ಹಮ್‌ಹುಂಗ್ ಅಂಗಡಿಗಳು ಸಿಗುತ್ತವೆ, 1950ರ ದಶಕದಿಂದಲೂ ಇರುವ ಬೀದಿ. ಇಲ್ಲಿ ಮೊದಲು ಬರುವುದು ಶಾವಿಗೆಯ ನೀರಲ್ಲ, ಕೆಟಲ್ ತುಂಬ ಬಿಸಿ ಮಾಂಸದ ಸಾರು. ಆ ಚಳಿಗೆ ಅದೊಂದೇ ಸಾಕಿತ್ತು. ಊರಿನಲ್ಲಿ ಆಲೂಗೆಡ್ಡೆಯ ಪಿಷ್ಟ ಬಳಸುತ್ತಿದ್ದವರು ದಕ್ಷಿಣಕ್ಕೆ ಬಂದ ಮೇಲೆ ಸುಲಭವಾಗಿ ಸಿಗುವ ಗೆಣಸಿನ ಪಿಷ್ಟಕ್ಕೆ ಹೊರಳಿದರು. ಊರಿನ ಮೀನಿನ ಜಾಗಕ್ಕೆ ಸ್ಕೇಟ್ ಎಂಬ ತೊರಕೆ ಜಾತಿಯ ಮೀನು ಬಂತು. ಶಾವಿಗೆ ದಾರದಷ್ಟು ಸಣ್ಣ, ರಬ್ಬರಿನಷ್ಟು ಗಟ್ಟಿ. ಹಿಂದಿನ ದಿನ ಕಲಿತ ಶಿಸ್ತಿನಿಂದ ಕತ್ತರಿ ಮುಟ್ಟದೆ ತಿನ್ನಲು ಹೋದೆ. ಒಂದು ತುದಿ ಹೊಟ್ಟೆಯಲ್ಲಿ, ಇನ್ನೊಂದು ಬಟ್ಟಲಿನಲ್ಲಿ. ಬಡಿಸುತ್ತಿದ್ದ ಇಮೋ (ಚಿಕ್ಕಮ್ಮ ಎಂದರ್ಥ, ಹೋಟೆಲಿನಲ್ಲಿ ಹಾಗೆಯೇ ಕರೆಯುತ್ತಾರೆ) ಓಡಿಬಂದು ಎರಡೇಟಿಗೆ ಕತ್ತರಿಸಿಕೊಟ್ಟರು.

ಖಾರದ ವಿಷಯ. ಬಟ್ಟಲು ಕೆಂಡದಂತೆ ಕೆಂಪು, ಬಾಯಿಗಿಟ್ಟರೆ ಸಿಹಿ. ನನ್ನ ಹೆಂಡತಿ ಹಾವೇರಿಯವಳು, ಒಂದೇ ತುತ್ತಿಗೆ ಹೇಳಿದಳು: “ಇದು ನಮ್ಮ ಬ್ಯಾಡಗಿಯ ಅಣ್ಣನೋ ತಮ್ಮನೋ. ಬಣ್ಣವೆಲ್ಲ ಇದೆ, ಖಾರವಿಲ್ಲ.” ಮೇಜಿನ ಮೇಲೆ ಸಕ್ಕರೆಯ ಡಬ್ಬಿಯೂ ಇತ್ತು. ಸುತ್ತಲಿನವರು ಅದನ್ನೂ ಸುರಿದು, ಎಳ್ಳೆಣ್ಣೆ, ವಿನೆಗರ್, ಸಾಸಿವೆ ಕಲಸುತ್ತಿದ್ದರು. ನಾನೂ ಸುರಿದುಕೊಂಡು ಕೆಟ್ಟೆ. ಮೊದಲ ಐದಾರು ತುತ್ತು ಭರ್ಜರಿ, ಹತ್ತನೆಯದಕ್ಕೆ ನಾಲಿಗೆ ಜಡ್ಡುಗಟ್ಟಿತ್ತು.

ಅವಳ ಮತ ಹಮ್‌ಹುಂಗ್‌ಗೆ. ಕಟಕಟ ಎನ್ನುವ ಆ ಹುಳಿ ಮೀನಿಗಾಗಿ ಎಷ್ಟು ಸಿಹಿಯನ್ನಾದರೂ ಸಹಿಸುತ್ತಾಳಂತೆ. ನನ್ನದು ವು ರೇ ಓಕ್‌ಗೆ. ಮೂರರಲ್ಲಿ ತಳ ಕಾಣುವವರೆಗೆ ಕುಡಿದದ್ದು ಅದೊಂದನ್ನೇ. ಸಸ್ಯಾಹಾರಿಗಳು ಮಾತ್ರ ಈ ಬೀದಿಗಳಲ್ಲಿ ಹಸಿದುಕೊಂಡೇ ತಿರುಗಬೇಕು.

ಹೊರಡುವ ದಿನ ಮತ್ತೊಂದು ಬಟ್ಟಲಿಗೆಂದು ಅವಳನ್ನೂ ಎಳೆದುಕೊಂಡು ಉಲ್ಜಿರೊಗೆ ಹೋದೆ. ಬಾಗಿಲು ಮುಚ್ಚಿತ್ತು. ಸೋಮವಾರ ಅವರ ವಾರದ ರಜೆ, ನೋಡಿಕೊಳ್ಳಬೇಕಿದ್ದವನು ನಾನೇ. ಅವಳು ಏನೂ ಅನ್ನಲಿಲ್ಲ, ಒಣಮೀನಿನ ಮಾರುಕಟ್ಟೆಯ ಕಡೆ ತಿರುಗಿ ನಡೆಯತೊಡಗಿದಳು. ಈ ಸಲ ನಾನು ಸಕ್ಕರೆಯ ಡಬ್ಬಿ ಮುಟ್ಟದೆ ವಿನೆಗರ್ ಮಾತ್ರ ಹಾಕಿಕೊಂಡೆ, ಬಿಸಿ ಸಾರನ್ನು ನಾಲ್ಕು ಲೋಟ ಕುಡಿದೆ.