ಮಾರ್ಕರ್ ಗ್ರಿಫನ್ 13 ಸ್ಕೀ ಬೈಂಡಿಂಗ್: ತುಮಕೂರಿನಿಂದ, ಕೆಲವು ವರ್ಷದ ಬಳಕೆಯ ನಂತರ

ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಬಿಟ್ಟುಕೊಡುವ ಕೊಂಡಿ. ಅದನ್ನು ಕೊಳ್ಳುವವರು ಮೊದಲು ಕೇಳುವುದು ಡಿನ್ ನಂಬರ್. 16 ಅಂದರೆ ಗಟ್ಟಿ, 13 ಅಂದರೆ ಸಾಧಾರಣ ಅಂದುಕೊಳ್ಳುತ್ತಾರೆ. ಅದು ಗಟ್ಟಿತನದ ಅಳತೆಯೇ ಅಲ್ಲ. ಬಿದ್ದಾಗ ಬೂಟು ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಅನ್ನುವ ಲೆಕ್ಕ ಅದು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ, ಇಷ್ಟೂ ನೋಡಿ ಅದನ್ನು ಕೂರಿಸುತ್ತಾರೆ. ಐವತ್ತು ದಾಟಿದವರಿಗೆ ಕಡಿಮೆ ಮಾಡಬೇಕು. ನಮ್ಮಣ್ಣನದು ಹಾಗೇ ಇಳಿಸಿದ್ದೇವೆ.

ಗ್ರಿಫನ್‌ನಲ್ಲಿ 4ರಿಂದ 13ರವರೆಗೆ ಇದೆ. ನನ್ನದು 7ರಲ್ಲಿದೆ, ಅಂದರೆ ಸ್ಪ್ರಿಂಗ್ ಎರಡೂ ತುದಿಯಿಂದ ದೂರ. ನನ್ನ ಮಟ್ಟಿಗೆ ಕೊಳ್ಳುವಾಗ ನೋಡಬೇಕಾದ್ದು ಇದೇ. ಗುಲ್ಮಾರ್ಗ್‌ನಲ್ಲಿ ಅಫರ್ವಾಟ್ ಬೆಟ್ಟದಿಂದ ಇಳಿಯುವಾಗ ಸುಮ್ಸುಮ್ನೆ ಬಿಚ್ಚಿಕೊಂಡಿಲ್ಲ, ಬಿದ್ದಾಗ ಬಿಡದೆಯೂ ಇಲ್ಲ. ಆದರೂ ಮೊಣಕಾಲಿಗೆ ಪೂರ್ತಿ ಗ್ಯಾರಂಟಿ ಕೊಡುವ ಬೈಂಡಿಂಗ್ ಯಾವುದೂ ಇಲ್ಲ, ನೆನಪಿರಲಿ.

ಬಾಳಿಕೆಗೆ ದೊಡ್ಡ ಶತ್ರು ನಮ್ಮೂರಿನ ಧೂಳು. ಬೂಟಿನ ಮುಂಭಾಗದ ಕೆಳಗೆ ಪಕ್ಕಕ್ಕೆ ಜಾರುವ ಒಂದು ಸಣ್ಣ ತಗಡು ಇದೆ. ಅದರಡಿ ಮರಳು ಸೇರಿದರೆ ಡಿನ್ ಎಷ್ಟೇ ಸರಿಯಿದ್ದರೂ ಬೂಟು ಬಿಡುವುದು ತಡವಾಗುತ್ತದೆ. ಬೆರಳಲ್ಲಿ ತಳ್ಳಿ ನೋಡಿ, ಕರಕರ ಅನ್ನಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೆಟ್ರೋಲ್ ಮಾತ್ರ ಹಾಕಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬೇಸಿಗೆಯಲ್ಲಿ ಶೀಟಿನ ಮನೆಯ ಅಟ್ಟದಲ್ಲೂ ಇಡಬೇಡಿ. ಕಾದ ಜಾಗ ಪ್ಲಾಸ್ಟಿಕ್‌ಗೆ ಒಳ್ಳೆಯದಲ್ಲ.

ಇನ್ನೊಂದು, ಬೈಂಡಿಂಗನ್ನು ಸ್ಕೀಗೆ ಕೂರಿಸುವ ಸ್ಕ್ರೂ ವಿಷಯ. ತಲೆ ನೋಡಿದರೆ ಮಾಮೂಲಿ ಸ್ಟಾರ್ ಅನ್ನಿಸುತ್ತದೆ. ಹತ್ತಿರ ಹಿಡಿದು ನೋಡಿ, ನಾಲ್ಕು ಕೈಗಳ ನಡುವೆ ಸಣ್ಣ ಗೆರೆಗಳಿರುತ್ತವೆ. ಅದು ಪೋಜಿಡ್ರೈವ್, 3ನೇ ನಂಬರ್. ಒಂದು ಅಂಗಡಿಯವರು ಸ್ಟಾರ್ ಬಿಟ್ ಹಾಕಿ ನನ್ನ ಸ್ಕ್ರೂ ತಲೆ ಸವೆಸಿಬಿಟ್ಟರು. ಈಗ ಸರಿಯಾದ ಬಿಟ್ ಬ್ಯಾಗಿನಲ್ಲೇ ಇರುತ್ತದೆ. ಮಂಡಿಪೇಟೆಯಲ್ಲಿ ಕೇಳುವಾಗ ಹಳೆ ಸ್ಕ್ರೂ ಒಂದನ್ನು ಕೈಯಲ್ಲಿ ಹಿಡಿದು ಹೋಗಿ, ಸುಮ್ನೆ ಸ್ಟಾರ್ ಅಂದರೆ ಅದನ್ನೇ ಕೊಡುತ್ತಾರೆ.

ಬೂಟು ಬಿಟ್ಟಾಗ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕಿನ ಅಗಲ ಸ್ಕೀಯ ನಡುವಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. 98 ಮಿ.ಮೀ. ಸ್ಕೀಗೆ 100ರದು ಸರಿ. ಬೂಟಿನ ಅಟ್ಟೆ ಗ್ರಿಪ್‌ವಾಕ್ (ನಡೆಯಲು ಸುಲಭವಾಗುವಂತೆ ಬಾಗಿದ್ದು) ಆದರೆ ಬೈಂಡಿಂಗ್ ಅದಕ್ಕೆ ಹೊಂದುತ್ತದೆಯೇ ಅಂತ ಮೊದಲೇ ಕೇಳಿ. ಹಳೆಯ ಮಾದರಿಗಳಲ್ಲಿ ಎಲ್ಲವೂ ಹೊಂದುವುದಿಲ್ಲ. ಒಂದೇ ಸಲ ಹೋಗಿಬರುವವರು ಕೊಳ್ಳಬೇಕಾಗಿಲ್ಲ, ಬಾಡಿಗೆ ಸಾಕು. ಆಗಲೂ ನಿಮ್ಮ ತೂಕ, ವಯಸ್ಸು ಹೇಳಿ ಕಣ್ಣೆದುರೇ ಡಿನ್ ಕೂರಿಸಿಕೊಳ್ಳಿ.