ಹಕ್ಕಿ ಬಾಲದ ಮಾಡೆಲ್ ಸೆಟ್: ಭ್ರೂಣದ ಭಾಗ ಅದ್ಭುತ, ಪಳೆಯುಳಿಕೆ ಭಾಗ ಅರೆಬರೆ

ಕೋಳಿ ಭ್ರೂಣದಲ್ಲಿ ಬಾಲ ಹೇಗೆ ಬೆಳೆಯುತ್ತದೆ, ಡೈನೋಸಾರ್‌ಗಳ ಉದ್ದ ಬಾಲ ಹಕ್ಕಿಗಳಲ್ಲಿ ಹೇಗೆ ಮೊಟಕಾಯಿತು ಅಂತ ತೋರಿಸುವ ರೆಸಿನ್ ಮಾಡೆಲ್‌ಗಳ ಸೆಟ್ ಇದು. ಭ್ರೂಣದ ಭಾಗಕ್ಕೆ ಐದಕ್ಕೆ ಐದು ಸ್ಟಾರ್. ವಿಕಾಸದ ಭಾಗಕ್ಕೆ ಎರಡು ಕೊಟ್ಟರೆ ಅದೇ ಜಾಸ್ತಿ. ಮಧ್ಯದಲ್ಲಿ ಒಂದು ದೊಡ್ಡ ತಪ್ಪಿದೆ. ಪಾಠಕ್ಕೆ ಬಳಸುವವರು ಅದನ್ನು ಮೊದಲೇ ತಿಳಿದಿರಬೇಕು.

ಮೊದಲು ಚೆನ್ನಾಗಿರುವುದು. ಭ್ರೂಣಗಳನ್ನು ಹಲವು ಪಟ್ಟು ದೊಡ್ಡದು ಮಾಡಿ ಕೊಟ್ಟಿದ್ದಾರೆ, ಪ್ರತಿಯೊಂದರ ಬುಡದಲ್ಲೂ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ಅನ್ನುವ ವಿಜ್ಞಾನಿಗಳು ಕೋಳಿ ಭ್ರೂಣದ ಬೆಳವಣಿಗೆಯಲ್ಲಿ 1951ರಲ್ಲಿ ಗುರುತಿಸಿದ 46 ಹಂತಗಳ ಪೈಕಿ ಅದು ಎಷ್ಟನೆಯದು ಅಂತ ಅಚ್ಚು ಹಾಕಿದ್ದಾರೆ. ಬೆನ್ನಿನ ಎರಡೂ ಕಡೆ ಸಾಲಾಗಿ ಮೂಡಿರುವ ಸೋಮೈಟ್‌ಗಳು, ಅಂದರೆ ಜೀವಕೋಶಗಳ ಪುಟ್ಟ ಗಂಟುಗಳು, ಬೆರಳಿಗೆ ಸಿಗುತ್ತವೆ. ಮುಂದೆ ಕಶೇರುಮಣಿಗಳಾಗುವುದು ಇವೇ. ತಲೆ ಕಡೆಯಿಂದ ಶುರುವಾಗಿ ಬಾಲದ ಕಡೆಗೆ, ಹೆಚ್ಚುಕಡಿಮೆ 90 ನಿಮಿಷಕ್ಕೆ ಒಂದು ಜೋಡಿಯಂತೆ ಮೂಡುತ್ತಾ ಹೋಗುತ್ತವೆ. ಕೋಳಿಯಲ್ಲಿ 50ಕ್ಕಿಂತ ಸ್ವಲ್ಪ ಜಾಸ್ತಿ ಜೋಡಿ ಆದ ಮೇಲೆ ನಿಂತುಬಿಡುತ್ತದೆ. ಇಲಿಯಲ್ಲಿ ಇದು 65ರ ಹತ್ತಿರ ಹೋಗುತ್ತದೆ, ಹಾವಿನಲ್ಲಿ 300 ದಾಟುತ್ತದೆ.

ಯಾಕೆ ನಿಲ್ಲುತ್ತದೆ ಅನ್ನುವುದೇ ಇಡೀ ವಿಷಯದ ತಿರುಳು ಅಲ್ವಾ? ಅದನ್ನು ಬಣ್ಣದಲ್ಲಿ ತೋರಿಸಿರುವ ರೀತಿ ನನಗೆ ತುಂಬಾ ಹಿಡಿಸಿತು. ತುದಿಯಲ್ಲಿ ಬಾಲದ ಮೊಗ್ಗು ಇರುತ್ತದೆ, ಎಫ್‌ಜಿಎಫ್ ಮತ್ತು ವಿಂಟ್ ಅನ್ನುವ ಪ್ರೋಟೀನ್ ಸಂಕೇತಗಳು ಅದನ್ನು ಬೆಳೆಸುತ್ತಾ ಇರುತ್ತವೆ. ಇವಕ್ಕೆ ನೀಲಿ ಬಣ್ಣ. ಕೊನೆಕೊನೆಯ ಹಂತಗಳಿಗೆ ಬಂದಂತೆ ನೀಲಿ ಮಾಸುತ್ತದೆ, ಇವಕ್ಕೆ ವಿರುದ್ಧವಾಗಿ ಕೆಲಸ ಮಾಡುವ ರೆಟಿನೋಯಿಕ್ ಆಮ್ಲದ ಕೆಂಪು ತುದಿಯವರೆಗೂ ಹರಡುತ್ತದೆ, ಅಲ್ಲಿನ ಜೀವಕೋಶಗಳು ಸಾಯುತ್ತವೆ, ಅಲ್ಲಿಗೆ ಬೆಳವಣಿಗೆ ಮುಗಿಯಿತು. ಪುಸ್ತಕದಲ್ಲಿ ಪುಟಗಟ್ಟಲೆ ಓದಿದರೂ ತಲೆಗೆ ಹತ್ತದ ವಿಷಯ, ಈ ಮಾಡೆಲ್‌ಗಳನ್ನು ಸಾಲಾಗಿ ಜೋಡಿಸಿಟ್ಟರೆ ನೋಡಿದ ಕೂಡಲೇ ಅರ್ಥವಾಗುತ್ತದೆ.

ದೊಡ್ಡ ಕೋಳಿಯ ಬಾಲದ ಮೂಳೆಯೂ ಚೆನ್ನಾಗಿದೆ. ಬಿಡಿ ಮಣಿಗಳು ಅಲ್ಲಾಡುತ್ತವೆ, ತುದಿಯಲ್ಲಿ ಪೈಗೋಸ್ಟೈಲ್ ನೇಗಿಲಿನ ಗುಳದ ಹಾಗೆ ಮೇಲಕ್ಕೆ ಎದ್ದು ನಿಂತಿದೆ. ಕೊನೆಯ ಹಲವು ಮಣಿಗಳು ಬೆಸೆದು ಆದ ಮೂಳೆ ಅದು. ಬಾಲದ ಪುಕ್ಕಗಳ ಬುಡ ನಾಟಿಕೊಳ್ಳುವ ಕೊಬ್ಬು ಮತ್ತು ಸ್ನಾಯುವಿನ ಗಡ್ಡೆಗಳನ್ನೂ ಎರಡೂ ಪಕ್ಕದಲ್ಲಿ ಕೊಟ್ಟಿದ್ದಾರೆ. ಹಕ್ಕಿ ಪುಕ್ಕ ಹರಡುವುದು, ಮುಚ್ಚುವುದು ಇವುಗಳಿಂದಲೇ. ಆದರೆ ಡೈನೋಸಾರ್‌ಗಳಲ್ಲಿ ಬಾಲದಿಂದ ತೊಡೆಗೆ ಹೋಗಿ ಕಾಲನ್ನು ಹಿಂದಕ್ಕೆ ಎಳೆಯುತ್ತಿದ್ದ ದೊಡ್ಡ ಸ್ನಾಯು ಹಕ್ಕಿಗಳಲ್ಲಿ ಸಣ್ಣದಾಯಿತಲ್ಲ, ಅದರ ಸುಳಿವೇ ಸೆಟ್‌ನಲ್ಲಿ ಇಲ್ಲ. ಬಾಲ ನಡಿಗೆಯ ಕೆಲಸ ಬಿಟ್ಟು ಹಾರಾಟದ ಕೆಲಸಕ್ಕೆ ಸೇರಿದ್ದು ಗೊತ್ತಾಗುವುದೇ ಆ ಸ್ನಾಯುವಿನಿಂದ. ಇರಬೇಕಿತ್ತು.

ಇನ್ನು ಆ ತಪ್ಪಿಗೆ ಬರುತ್ತೇನೆ. ಆಗತಾನೆ ಮೊಟ್ಟೆಯಿಂದ ಹೊರಬಂದ ಮರಿಯ ಮಾಡೆಲ್‌ನಲ್ಲೂ ಪೈಗೋಸ್ಟೈಲ್ ಒಂದೇ ತುಂಡಾಗಿದೆ. ಇದು ಸರಿಯಲ್ಲ. 21 ದಿನ ಕಳೆದು ಮರಿ ಹೊರಬರುವಾಗ ಆ ಮಣಿಗಳು ಇನ್ನೂ ಬೇರೆಬೇರೆಯಾಗಿಯೇ ಇರುತ್ತವೆ, ಪೂರ್ತಿ ಬೆಸೆಯುವುದು ಅದಾಗಿ ವಾರಗಳು ಕಳೆದ ಮೇಲೆ. ಕೋಳಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿದೆ.

ಸಣ್ಣ ವಿಷಯ ಅಂತ ಬಿಡುವ ಹಾಗಿಲ್ಲ. ಚೀನಾದಲ್ಲಿ ಸಿಕ್ಕ ಝೊಂಗೊರ್ನಿಸ್ ಅನ್ನುವ ಪುರಾತನ ಹಕ್ಕಿಯ ಪಳೆಯುಳಿಕೆಯನ್ನೇ ನೋಡಿ. 2008ರಲ್ಲಿ ಅದನ್ನು ವರ್ಣಿಸಿದಾಗ, ಬಾಲದಲ್ಲಿ 13-14 ಮಣಿ ಇದ್ದು ಪೈಗೋಸ್ಟೈಲ್ ಇಲ್ಲದ ಕಾರಣ, ಉದ್ದ ಬಾಲಕ್ಕೂ ಮೋಟು ಬಾಲಕ್ಕೂ ನಡುವಿನ ಕೊಂಡಿ ಅಂತ ಕಂಡಿತು. ಆದರೆ ಅದು ಮರಿ. ಇಂದಿನ ಕೋಳಿಮರಿಯಲ್ಲೇ ಮೂಳೆ ಬೆಸೆದಿರುವುದಿಲ್ಲ ಅಂದ ಮೇಲೆ, ಆ ಮರಿ ಬೆಳೆದು ದೊಡ್ಡದಾಗಿದ್ದರೆ ಬಾಲ ಹೇಗಿರುತ್ತಿತ್ತು ಅಂತ ಅದೊಂದನ್ನೇ ನೋಡಿ ತೀರ್ಮಾನಿಸಲು ಬರುವುದಿಲ್ಲ. ಈ ಸೆಟ್ ನೋಡಿ ಕಲಿತ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ, ನನಗೆ ಬೇಸರವಾಗಿದ್ದು ಅದಕ್ಕೇ.

ಪಳೆಯುಳಿಕೆಗಳ ಭಾಗದಲ್ಲಿ ಇರುವುದು ಒಂದೇ ಒಂದು, ಆರ್ಕಿಯಾಪ್ಟೆರಿಕ್ಸ್. ಬವೇರಿಯಾದ ಸುಣ್ಣಕಲ್ಲಿನಲ್ಲಿ ಸಿಕ್ಕ, ಸುಮಾರು 15 ಕೋಟಿ ವರ್ಷ ಹಳೆಯ, ಬಾಲದಲ್ಲಿ 20ಕ್ಕೂ ಹೆಚ್ಚು ಮಣಿಗಳಿರುವ ಜೀವಿ. ಅಚ್ಚು ಚೆನ್ನಾಗಿಯೇ ಬಂದಿದೆ. ಆದರೆ ಅಲ್ಲಿಂದ ಸೀದಾ ಇವತ್ತಿನ ಕೋಳಿಗೆ ಜಿಗಿಯುತ್ತಾರೆ! ಜೊತೆಗೆ ಬಂದ ಹಾಳೆಯಲ್ಲಿ ಮಣಿಗಳು ಒಂದೊಂದಾಗಿ ಕಡಿಮೆಯಾಗುತ್ತಾ ಬಂದಂತೆ ಚಿತ್ರ ಬೇರೆ. ಪಳೆಯುಳಿಕೆಗಳು ಹಾಗೆ ಹೇಳುವುದಿಲ್ಲ. ಉತ್ತರ ಚೀನಾದಲ್ಲಿ ಸಿಕ್ಕ, ಸುಮಾರು 12 ಕೋಟಿ ವರ್ಷ ಹಿಂದಿನ ಜೆಹೋಲೊರ್ನಿಸ್ ಅನ್ನುವ ಹಕ್ಕಿಯ ಬಾಲದಲ್ಲಿ 27ರವರೆಗೂ ಮಣಿಗಳಿವೆ, ಅಂದರೆ ಆರ್ಕಿಯಾಪ್ಟೆರಿಕ್ಸ್‌ಗಿಂತ ಜಾಸ್ತಿ. ಹೆಚ್ಚುಕಡಿಮೆ ಅದೇ ಕಾಲದ, ಅದೇ ಪ್ರದೇಶದ ಇನ್ನೊಂದು ಹಕ್ಕಿ ಕನ್‌ಫ್ಯೂಷಿಯಸೊರ್ನಿಸ್‌ಗೆ ಆಗಲೇ ಮೋಟು ಬಾಲ, ಪೈಗೋಸ್ಟೈಲ್ ಎರಡೂ ಇದ್ದವು. ಇನ್ನೊಂದು ಮಾತು. ಇಲಿಗಳಲ್ಲಿ ಬಾಲ ಮೊಟಕು ಮಾಡುವ ಎಷ್ಟೋ ಜೀನ್ ಬದಲಾವಣೆಗಳು ಮಣಿಗಳನ್ನು ಬೆಸೆಯುವುದೂ ಉಂಟು. ಹಾಗಾಗಿ ಮೊಟಕಾಗುವುದು, ಬೆಸೆಯುವುದು ಎರಡೂ ಒಟ್ಟಿಗೇ, ಬೇಗನೆ ಆಗಿರಬಹುದು ಅನ್ನುವ ವಾದ 2014ರಿಂದಲೇ ಇದೆ. ಈ ಎರಡು ಚೀನೀ ಹಕ್ಕಿಗಳ ಬಾಲವನ್ನಷ್ಟೇ ಸೇರಿಸಿದ್ದರೂ ಸೆಟ್‌ನ ತೂಕವೇ ಬೇರೆ ಇರುತ್ತಿತ್ತು.

ಗುಣಮಟ್ಟದ ಬಗ್ಗೆ ದೂರಿಲ್ಲ, ಬಣ್ಣ ಕೀಳುವುದಿಲ್ಲ, ಸ್ಟ್ಯಾಂಡ್ ಗಟ್ಟಿ. ಸ್ಟಿಕ್ಕರ್‌ಗಳು ಮಾತ್ರ ಬೇಗ ಏಳುತ್ತವೆ.

ಭ್ರೂಣಶಾಸ್ತ್ರ ಕಲಿಸುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು, ಮರಿಯ ತುಂಡನ್ನು ಪಕ್ಕಕ್ಕೆ ಇಟ್ಟುಬಿಡಿ ಅಷ್ಟೇ. ಬರೀ ವಿಕಾಸದ ಪಾಠಕ್ಕೆ ಬೇಕು ಅನ್ನುವವರಿಗೆ ಇದು ಸಾಲದು. ಭ್ರೂಣಗಳನ್ನು ಬಿಡಿಯಾಗಿಯೂ ಮಾರುತ್ತಾರೆ, ನನ್ನನ್ನು ಕೇಳಿದರೆ ಅವಷ್ಟನ್ನೇ ತರಿಸಿಕೊಳ್ಳಿ.