ತಿಲ್ಲಾ ಕೆಲಸದ ಕಾಶ್ಮೀರಿ ಫೆರನ್: ಹಲವು ಚಳಿಗಾಲಗಳ ಬಳಕೆಯ ನಂತರ

ಫೆರನ್ ಎಂದರೆ ಕಾಶ್ಮೀರಿಗಳು ಚಳಿಗೆ ತೊಡುವ ಉದ್ದನೆಯ ಸಡಿಲ ನಿಲುವಂಗಿ. ಶ್ರೀನಗರದಲ್ಲಿ ಕೊಂಡ ಎರಡು ಫೆರನ್‌ಗಳನ್ನು ದೆಹಲಿಯ ಚಳಿಗಾಲದಲ್ಲಿ ಹಲವು ವರ್ಷಗಳಿಂದ ತೊಡುತ್ತಿದ್ದೇನೆ. ಒಂದು ಕಡುಗೆಂಪು ಉಣ್ಣೆಯ ಮೇಲೆ ತಿಲ್ಲಾ ಎಂಬ ಜರಿ ಕೆಲಸದ್ದು, ಇನ್ನೊಂದು ಬೂದು ಬಣ್ಣದ ಟ್ವೀಡ್ ಉಣ್ಣೆಬಟ್ಟೆಯ ಮೇಲೆ ಆರಿ ಕಸೂತಿಯದು. ಬೆಚ್ಚಗಿಡುವುದರಲ್ಲಿ ಎರಡೂ ಸಮ. ಬಾಳಿಕೆಯಲ್ಲಿ ಮಾತ್ರ ಅಲ್ಲ.

ತಿಲ್ಲಾದಲ್ಲಿ ಹೊನ್ನಿನ ಅಥವಾ ಬೆಳ್ಳಿಯ ಬಣ್ಣದ ಎಳೆಯನ್ನು ಬಟ್ಟೆಯೊಳಗೆ ತೂರಿಸದೆ, ನಕ್ಷೆಯ ಗೆರೆಯುದ್ದಕ್ಕೂ ಮೇಲೆಯೇ ಹಾಯಿಸಿ, ತೆಳುವಾದ ದಾರದಿಂದ ಅಲ್ಲಲ್ಲಿ ಹಿಡಿದು ಹೊಲಿಯುತ್ತಾರೆ. ಆದ್ದರಿಂದ ಆ ತೆಳು ದಾರ ಸವೆದು ಹರಿದರೆ ಜರಿಯ ಎಳೆ ಸಡಿಲಗೊಂಡು ಮೇಲೆದ್ದು, ಬಳೆಗೋ ಚೀಲದ ಕೊಂಡಿಗೋ ಸಿಕ್ಕಿಕೊಳ್ಳುತ್ತದೆ. ನನ್ನ ಫೆರನ್ನಿನ ಕೊರಳ ಸುತ್ತಲಿನ ಕೆಲಸ ಇಂದಿಗೂ ಅಚ್ಚುಕಟ್ಟಾಗಿದೆ. ಮೇಜಿಗೆ ಸದಾ ಉಜ್ಜುವ ತೋಳಿನಂಚಿನ ಕೆಲಸ ಎರಡು ಕಡೆ ಎದ್ದಿದೆ. ಆರಿಯಲ್ಲಿ ಕೊಕ್ಕೆಸೂಜಿಯು ದಾರವನ್ನು ಬಟ್ಟೆಯ ಅಡಿಯಿಂದ ಮೇಲೆಳೆದು ಸರಪಳಿ ಹೊಲಿಗೆ ಹಾಕುವುದರಿಂದ ಕಸೂತಿ ಬಟ್ಟೆಗೆ ಅಂಟಿಕೊಂಡಂತೆ ಕೂರುತ್ತದೆ. ದಿನಬಳಕೆಗೆ ಇದೇ ಮೇಲು.

ಕೊಳ್ಳುವಾಗ ಮುಂಬದಿಯ ಹೊಳಪಿಗಿಂತ ಹಿಂಬದಿಯನ್ನು ನೋಡಬೇಕು. ಕೈಯಿಂದ ಮಾಡಿದ ತಿಲ್ಲಾದ ಹಿಂದೆ ಹಿಡಿಹೊಲಿಗೆಯ ದಾರವಷ್ಟೇ, ಅದೂ ತುಸು ಏರುಪೇರಾಗಿ ಕಾಣುತ್ತದೆ; ಯಂತ್ರದ್ದರಲ್ಲಿ ಹೊಲಿಗೆಗಳ ಅಂತರ ಎಲ್ಲೆಡೆ ಒಂದೇ ಸಮನಾಗಿರುತ್ತದೆ. ಅಸ್ತರಿ ಹಾಕಿದ ಮೇಲೆ ಈ ಪರೀಕ್ಷೆ ಸಾಧ್ಯವಿಲ್ಲ. ಅಸ್ತರಿಯಿಲ್ಲದ ತುಂಡನ್ನು ತೋರಿಸಲು ಒಪ್ಪದ ಅಂಗಡಿಯಲ್ಲಿ ಕೈಕೆಲಸದ ಬೆಲೆ ತೆರುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ.

ಫೆರನ್ ಸಡಿಲವಾಗಿರುವುದನ್ನು ಕಂಡು ಅಳತೆ ತಪ್ಪಿದೆಯೆಂದು ಭಾವಿಸಬಾರದು. ಕಾಶ್ಮೀರದಲ್ಲಿ ಕಾಂಗ್ಡಿ ಎಂಬ ಕೆಂಡದ ಮಡಕೆಯನ್ನು ಅದರೊಳಗೇ ಹಿಡಿದು ಕೂರುತ್ತಾರೆ, ಒಳಗೆ ಪೂಚ್ ಎಂಬ ಹತ್ತಿಯ ಪದರವನ್ನೂ ತೊಡುತ್ತಾರೆ. ನಾನು ಅದರ ಬದಲು ಹತ್ತಿಯ ಕುರ್ತಾ ತೊಡುತ್ತೇನೆ. ಬೆವರು ಉಣ್ಣೆಗೆ ತಾಗುವುದಿಲ್ಲ, ಒಗೆಸುವ ಅಗತ್ಯವೂ ಕಡಿಮೆ. ಬೆಂಗಳೂರಿನ ಚಳಿಗಂತೂ ಇಷ್ಟು ದಪ್ಪದ ಉಡುಪು ಬೇಕಿಲ್ಲ.

ತಿಲ್ಲಾವನ್ನು ನೀರಿಗೆ ಹಾಕದೆ ಡ್ರೈಕ್ಲೀನಿಂಗಿಗೇ ಕೊಡಬೇಕು. ಇಸ್ತ್ರಿ ಮಾಡುವವರಿಗೆ ಒಳಮಗ್ಗುಲಿನಿಂದ, ಮೇಲೊಂದು ಬಟ್ಟೆ ಹಾಸಿ ಮಾಡಲು ಹೇಳಬೇಕು. ಸುಗಂಧದ್ರವ್ಯವನ್ನು ನೇರವಾಗಿ ಸಿಂಪಡಿಸಿದರೆ ಜರಿ ಕಪ್ಪಾಗುತ್ತದೆ. ಬೇಸಿಗೆಯಲ್ಲಿ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ನಡುನಡುವೆ ಮಡಿಕೆ ಬದಲಿಸುತ್ತೇನೆ.

ಮತ್ತೊಂದು ಫೆರನ್ ಕೊಳ್ಳುವುದಾದರೆ ಆರಿಯದನ್ನೇ ಆರಿಸುತ್ತೇನೆ. ಮದುವೆಮನೆಗೆಂದು ತಿಲ್ಲಾವೇ ಬೇಕೆನಿಸಿದರೆ, ತೋಳಿನಂಚನ್ನು ಬಿಟ್ಟು ಕೊರಳಿಗಷ್ಟೇ ಮಾಡಿಸುತ್ತೇನೆ.